ಎಡಬದಿಯ ವಿಡಿಯೋ

ಆಟಿ ತಿಂಗಳು ಹಿಡಿದು ಮೂರನೆಯ ದಿನ, ಶನಿವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ ಇದು ಶುರುವಾದದ್ದು. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ವಿಡಿಯೋದವರಿಗೆ ಅದೊಂದು ತಿಂಗಳು ಬಿಡುವು. ಸುಳ್ಯದ ಬಸ್‌ಸ್ಟ್ಯಾಂಡಿನ ಎದುರು, ಮೇಲಿನ ಮಾಳಿಗೆಯಲ್ಲಿ ಜಯಪ್ರಕಾಶಣ್ಣನ ಸ್ಟುಡಿಯೋ. ಲೈಟಿನದ್ದು, ಲೆನ್ಸಿನದ್ದು ಬೂಷ್ಟು ಒರಸಿ ಇಡುದು ನನ್ನ ಕೆಲಸ. ಬೇಸಿಗೆಯ ಮದುವೆಗಳ ವಿಡಿಯೋ ಎಡಿಟ್ ಮಾಡಿ ಮುಗಿಸುದು ಭವಿತಾಳ ಕೆಲಸ. ಅವಳು ಐವರ್ನಾಡಿನ ಹುಡುಗಿ. ಕಾಲೇಜು ಮುಗಿಸಿ ಎರಡು ವರ್ಷದಿಂದ ಅಲ್ಲಿ ಕಂಪ್ಯೂಟರಿನ ಮುಂದೆ ಕೂತವಳು. ನನ್ನನ್ನು ಬೋಜಜ್ಜ ಅಂತ ಕರೆಯುತ್ತಾಳೆ.

ನಾನು ಲೈಟ್ ಹಿಡಿಯುವವ. ತೊಂಬತ್ತೆರಡನೇ ಇಸವಿಯಿಂದ ಅದೇ. ಆಗ ಸಾವಿರ ವಾಟಿನ ಲೈಟು, ಅದರ ಹಿಂದೆ ಮೂವತ್ತು ಮೀಟರ್ ಕೇಬಲು. ಹತ್ತು ನಿಮಿಷ ಹಿಡಿದರೆ ಕೈ ಬೇಯುತ್ತಿತ್ತು. ಈಗ ಬ್ಯಾಟರಿಯದ್ದು, ತೂಕವೇ ಇಲ್ಲ. ಲೈಟಿನವನಿಗೆ ಇನ್ನೊಂದು ಕೆಲಸವೂ ಉಂಟು. ಮದುಮಗಳು ಮಂಟಪಕ್ಕೆ ನಡೆದು ಬರುವಾಗ ಕ್ಯಾಮರಾದವರು ಅವಳ ಎದುರು ಹಿಂದೆ ಹಿಂದೆ ನಡೆಯಬೇಕು. ಅವರ ಕಣ್ಣು ಕ್ಯಾಮರಾದಲ್ಲಿ. ಕಾಲು ಎಲ್ಲಿ ಬೀಳುತ್ತದೆ ಅಂತ ಅವರಿಗೆ ಕಾಣುದಿಲ್ಲ. ಹಾಗಾಗಿ ನಾನು ಒಂದು ಕೈಯಲ್ಲಿ ಲೈಟು, ಇನ್ನೊಂದು ಕೈಯಲ್ಲಿ ಅವರ ಸೊಂಟದ ಬೆಲ್ಟು ಹಿಡಿದು, ಮೆಟ್ಟಿಲು ಬಂತು, ಕಂಬ ಬಂತು ಅಂತ ಎಳೆದು ಎಳೆದು ದಾರಿ ತೋರಿಸಬೇಕು. ಮೂವತ್ತಮೂರು ವರ್ಷ ನಾನು ಹಾಗೆ ಹಿಡಿದದ್ದು ಕುಕ್ಕಪ್ಪಣ್ಣನ ಬೆಲ್ಟು. ಅವರ ಕೈ ನಡುಗಲಿಕ್ಕೆ ಶುರುವಾದದ್ದು ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ನಾನು ಯಾರಿಗೂ ಹೇಳಲಿಲ್ಲ.

ಆ ಶನಿವಾರ ಭವಿತಾ ಕರೆದಳು. "ಬೋಜಜ್ಜ, ಇಲ್ಲಿ ಬನ್ನಿ. ನಿಮ್ಮ ಕೈ ಕಾಣ್ತದೆ ಇದರಲ್ಲಿ."

ಹೋಗಿ ನೋಡಿದೆ. ಏಪ್ರಿಲ್‌ನಲ್ಲಿ ಐವರ್ನಾಡಿನ ಹಾಲ್‌ನಲ್ಲಿ ಆದ ಮದುವೆ. ಪಂಜದ ಪೂವಮ್ಮಜ್ಜಿ ಕೋಲು ಊರಿಕೊಂಡು ಮಂಟಪಕ್ಕೆ ಅಕ್ಷತೆ ಹಾಕಲಿಕ್ಕೆ ಬರುತ್ತಾ ಇದ್ದಾರೆ. ಎಂಬತ್ನಾಲ್ಕು ವರ್ಷದ ಅಜ್ಜಿ, ಒಂದು ಹೆಜ್ಜೆ ಇಟ್ಟು ನಿಂತು ಇನ್ನೊಂದು ಹೆಜ್ಜೆ. ಚಿತ್ರದ ಬದಿಯಲ್ಲಿ ಲೈಟು ಹಿಡಿದ ನನ್ನ ಕೈ. ಇಡೀ ಚಿತ್ರ ಸಣ್ಣಕ್ಕೆ ಅಲ್ಲಾಡುತ್ತಾ ಇತ್ತು, ದೋಣಿಯಲ್ಲಿ ಕೂತು ದಡ ನೋಡಿದ ಹಾಗೆ.

"ಈಗ ನೋಡಿ" ಅಂದಳು. ಎಂತದೋ ಒತ್ತಿದಳು. ಸ್ವಲ್ಪ ಹೊತ್ತು ಒಂದು ನೀಲಿ ಗೆರೆ ಓಡಿತು. ಮತ್ತೆ ನೋಡಿದರೆ ಚಿತ್ರದ ಅಲ್ಲಾಟ ನಿಂತಿದೆ. ಗೋಡೆ ಗೋಡೆಯ ಹಾಗೆ, ಕಂಬ ಕಂಬದ ಹಾಗೆ. ನನ್ನ ಕೈ ಇಲ್ಲ.

"ನನ್ನ ಕೈ ಎಲ್ಲಿ ಹೋಯ್ತು?"

"ಸ್ಟೆಬಿಲೈಸ್ ಮಾಡಿದ್ರೆ ಬದಿ ಹೋಗ್ತದೆ ಅಜ್ಜ. ಅಲ್ಲಾಡಿದಷ್ಟು ಬದಿ ಕತ್ತರಿಸಿ ನಡುವಿನದ್ದನ್ನು ದೊಡ್ಡ ಮಾಡುದು."

ಅವಳಿಗೆ ಹೇಳಿಕೊಡುದು ಅಂದರೆ ಖುಷಿ. ಇಡೀ ಕತೆ ಹೇಳಿದಳು. ಜಯಪ್ರಕಾಶಣ್ಣನ ಮಗ ಹರ್ಷಿತನ ಹೊಸ ಕ್ಯಾಮರಾ ಒಂದು ಸೆಕೆಂಡಿಗೆ ಐವತ್ತು ಚಿತ್ರ ತೆಗೆಯುತ್ತದಂತೆ. ಕುಕ್ಕಪ್ಪಣ್ಣನ ಹಳೆಯದ್ದು ಇಪ್ಪತ್ತೈದು. ಮನೆಯವರು ಮೊಬೈಲಲ್ಲಿ ಹಿಡಿದು ಕಳಿಸಿದ್ದು ಮೂವತ್ತು, ಅದೂ ಒಮ್ಮೆ ಇಪ್ಪತ್ತೆಂಟು ಒಮ್ಮೆ ಮೂವತ್ತೊಂದು, ಅದಕ್ಕೆ ಒಂದು ನಿಯಮ ಇಲ್ಲ. ಮೂರನ್ನೂ ಒಂದೇ ಸಾಲಲ್ಲಿ ಹಾಕಿ ಸ್ಟೆಬಿಲೈಸ್ ಕೊಟ್ಟರೆ ಕಂಪ್ಯೂಟರಿಗೆ ತಲೆ ತಿರುಗುತ್ತದಂತೆ. ಗೋಡೆ ಹಲ್ವದ ಹಾಗೆ ಅಲ್ಲಾಡುತ್ತದೆ. ಅದಕ್ಕೆ ಒಂದೊಂದನ್ನೂ ಬೇರೆ ಮಾಡಿ, ಅದರದ್ದೇ ಲೆಕ್ಕದಲ್ಲಿ ಸ್ಥಿರ ಮಾಡಿ, ಆಮೇಲೆ ಸೇರಿಸಬೇಕು. ಕುಕ್ಕಪ್ಪಣ್ಣನದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು.

"ಒಂದು ವರ್ಷದಿಂದ ಮಾಡ್ತಾ ಇದ್ದೇನೆ" ಅಂದಳು ಸಣ್ಣ ಸ್ವರದಲ್ಲಿ. "ಯಾರಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ."

"ನನಗೆ ಈಗ ಗೊತ್ತಾಯ್ತಲ್ಲ" ಅಂತ ಹಿಂದಿನಿಂದ ಒಂದು ಮಾತು ಬಂತು.

ಜಯಪ್ರಕಾಶಣ್ಣ. ಮೆಟ್ಟಿಲು ಹತ್ತಿ ಬಂದದ್ದು ಇಬ್ಬರಿಗೂ ಕೇಳಿರಲಿಲ್ಲ. ಐವತ್ತು ವರ್ಷದ ಜನ, ಯಾವಾಗಲೂ ನಗುಮುಖ, ಯಾರಿಗೂ ಜೋರು ಮಾಡಿದವರಲ್ಲ. ಬಗ್ಗಿ ನೋಡಿದರು. "ಮೊದಲಿನದ್ದು ಹಾಕು. ಹಾಂ. ಈಗ ಸರಿ ಮಾಡಿದ್ದು ಹಾಕು. ಇನ್ನೊಮ್ಮೆ ಮೊದಲಿನದ್ದು."

"ಜನ ದೂಡಿದ್ದು ಇರ್ಬೇಕು ಅಣ್ಣ" ಅಂದಳು ಭವಿತಾ.

"ಹೌದಾ ಬೋಜ? ದೂಡಿದ್ರಾ?"

ನಾನು ಲೆನ್ಸ್ ಒರಸುವ ಬಟ್ಟೆ ಮಡಚಿದೆ. ಜಯಪ್ರಕಾಶಣ್ಣನಿಗೆ ಅಷ್ಟು ಸಾಕಾಯಿತು.

ಅವರಿಗೆ ಬೇಕಾದದ್ದು ಎಂತ ಅಂತ ನನಗೆ ಗೊತ್ತಿತ್ತು. ಪಂಜದ ಪೂವಮ್ಮಜ್ಜಿಯ ಮೊಮ್ಮಗಳು ಯಶಸ್ವಿಗೆ ಆಟಿ ಕಳೆದು ಸೋಣ ತಿಂಗಳಲ್ಲಿ ಮದುವೆ. ದೊಡ್ಡ ಮನೆತನ, ಎರಡು ಸಾವಿರ ಜನದ ಮದುವೆ. ಅದನ್ನು ಹರ್ಷಿತ್ ಹಿಡಿಯಬೇಕು, ಮೇಲಿನಿಂದ ಡ್ರೋನ್ ಹಾರಿಸಬೇಕು, ನಾಲ್ಕು ಊರಿಗೆ ಹೆಸರಾಗಬೇಕು ಅಂತ ಅವರ ಆಸೆ. ಆದರೆ ಅಜ್ಜಿ ಒಂದೇ ಮಾತು ಹೇಳಿದ್ದರು: ನಮ್ಮ ಮನೆಯ ಮದುವೆ ಹಿಡಿಯುದು ಕುಕ್ಕಪ್ಪ, ಅವ ಬಾರದಿದ್ದರೆ ವಿಡಿಯೋವೇ ಬೇಡ.

ಕುಕ್ಕಪ್ಪಣ್ಣನಿಗೂ ಆ ಮದುವೆಯೇ ಬೇಕಾದದ್ದು. ಸೋಮವಾರ ಸೋಮವಾರ ಸ್ಟುಡಿಯೋಕ್ಕೆ ಬಂದು ಕೂರುತ್ತಿದ್ದರು. ಅರವತ್ತೆಂಟು ವರ್ಷ. ಚಾ ಬಂದರೆ ಗ್ಲಾಸನ್ನು ಮೇಜಿನ ಮೇಲೆಯೇ ಬಿಟ್ಟು, ಬಗ್ಗಿ ಒಂದು ಗುಟುಕು ಕುಡಿದು, ಮತ್ತೆ ಕೈಗೆ ತೆಗೆದುಕೊಳ್ಳುತ್ತಿದ್ದರು. ಆಟಿಯ ಎರಡನೇ ಸೋಮವಾರ ನನ್ನತ್ರ ಹೇಳಿದರು:

"ಯಶಸ್ವಿಯ ಅಮ್ಮನ ಮದುವೆ ಹಿಡಿದದ್ದು ನಾವೇ ಅಲ್ವಾ ಬೋಜ? ಅವಳ ಅಜ್ಜ ತೀರಿದಾಗ ಉತ್ತರಕ್ರಿಯೆಯ ಬೊಜ್ಜ ಹಿಡಿದದ್ದೂ ನಾವೇ. ಇದೊಂದು ಧಾರೆ ಆಗ್ಲಿ. ಮತ್ತೆ ಕ್ಯಾಮರಾ ಕೆಳಗೆ ಇಡ್ತೇನೆ. ನಾನಾಗಿ ಇಡ್ತೇನೆ. ಯಾರೂ ಬಂದು 'ಇಡು ಮಾರಾಯ' ಅಂತ ಹೇಳುವ ಹಾಗೆ ಆಗ್ಬಾರದು."

"ಆಗ್ಲಿಕ್ಕಿಲ್ಲ" ಅಂದೆ.

ಯಶಸ್ವಿಯ ಅಮ್ಮನ ಮದುವೆ ನನಗೂ ನೆನಪುಂಟು. ತೊಂಬತ್ತೈದನೇ ಇಸವಿ, ಮೇ ತಿಂಗಳು, ಪಂಜದ ಮನೆಯ ಅಂಗಳದಲ್ಲೇ ಚಪ್ಪರ. ಮದುಮಗಳಿಗೆ ಒಳಕೋಣೆಯಲ್ಲಿ ಹೂ ಮುಡಿಸುತ್ತಾ ಇದ್ದರು. ನಾನು ಲೈಟು ಹಿಡಿದು ಕುಕ್ಕಪ್ಪಣ್ಣನ ಹಿಂದೆ ಹೊಸ್ತಿಲ ತನಕ ಹೋಗಿದ್ದೆ. ಪೂವಮ್ಮ ಆಗ ಗಟ್ಟಿ ಹೆಂಗಸು. ನನ್ನನ್ನು ನೋಡಲಿಲ್ಲ, ಕುಕ್ಕಪ್ಪಣ್ಣನನ್ನು ಕೇಳಿದರು: "ಲೈಟಿನವ ಯಾರ ಪೈಕಿ?"

ಕುಕ್ಕಪ್ಪಣ್ಣ ನನ್ನ ಜಾತಿ ಹೇಳಿದರು. ಗೊತ್ತಿಲ್ಲ ಅನ್ನಬಹುದಿತ್ತು. ಸ್ಟುಡಿಯೋದ ಜನ ಅನ್ನಬಹುದಿತ್ತು. ಹೇಳಿದರು.

ಲೈಟು ಮನೆಯ ಯಾರದೋ ಕೈಗೆ ಹೋಯಿತು. ಕೇಬಲು ಕಿಟಕಿಯ ಸರಳಿನ ಎಡೆಯಿಂದ ಒಳಗೆ ಹೋಯಿತು. ನಾನು ಹೊರಗೆ, ಕಿಟಕಿಯ ಕೆಳಗೆ, ಕೇಬಲಿನ ಬಾಕಿ ಸುರುಳಿ ಕೈಯಲ್ಲಿ ಹಿಡಿದು ಕೂತೆ. ಒಳಗಿನಿಂದ ಕುಕ್ಕಪ್ಪಣ್ಣ "ಬೋಜಾ, ಸ್ವಲ್ಪ ಬಿಡು" ಅಂದಾಗ ಬಿಟ್ಟೆ, "ಎಳೆ" ಅಂದಾಗ ಎಳೆದೆ. ಮಧ್ಯಾಹ್ನ ನನ್ನ ಎಲೆ ಹಾಕಿದ್ದು ಸೌದೆಕೊಟ್ಟಿಗೆಯ ಬದಿಯಲ್ಲಿ. ವಾಪಸು ಬರುವಾಗ ಸ್ಕೂಟರಿನಲ್ಲಿ ಅವರು ಹಿಂದೆ ತಿರುಗದೆ ಹೇಳಿದರು, "ಬೇಜಾರ ಮಾಡ್ಬೇಡ ಬೋಜ, ಹಳೇ ಕಾಲದವರು." ನಾನು ಬೇಜಾರ ಇಲ್ಲ ಅಂದೆ. ಆಮೇಲೆ ಮೂವತ್ತು ವರ್ಷ ಅವರ ಬೆಲ್ಟು ಹಿಡಿದಿದ್ದೇನೆ. ಒಮ್ಮೆಯೂ ಬೀಳಲು ಬಿಟ್ಟವನಲ್ಲ.

ನಮ್ಮ ಕಡೆ ಹಿರಿಯರನ್ನು ಕೆಲಸದಿಂದ ಬಿಡಿಸಲಿಕ್ಕೆ ಬೈಯುವ ಕ್ರಮ ಇಲ್ಲ. ಸನ್ಮಾನ ಮಾಡುತ್ತಾರೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಸನ್ಮಾನ ಪತ್ರ ಓದುತ್ತಾರೆ. ಮರುದಿನದಿಂದ ಆ ಮನುಷ್ಯನನ್ನು ಯಾರೂ ಕೆಲಸಕ್ಕೆ ಕರೆಯುದಿಲ್ಲ, ಕರೆದರೆ ಮರ್ಯಾದೆ ಅಲ್ಲ ಅಂತ. ಆಗಸ್ಟ್ ಹತ್ತೊಂಬತ್ತಕ್ಕೆ ಫೋಟೋಗ್ರಫಿಯ ದಿನ ಅಂತ ಉಂಟು. ಅದಕ್ಕೆ ಪುತ್ತೂರಿನಲ್ಲಿ ಮೂರು ತಾಲೂಕಿನ ಫೋಟೋದವರು, ವಿಡಿಯೋದವರು ಸೇರಿ ಒಂದು ಕಾರ್ಯಕ್ರಮ ಇಟ್ಟಿದ್ದರು. ಜಯಪ್ರಕಾಶಣ್ಣ ಹೋಗಿ ಹೇಳಿದರು, ಈ ಸಲ ಹಿರಿಯರಾದ ಕುಕ್ಕಪ್ಪಣ್ಣನಿಗೆ ಆಗಲಿ, ಖರ್ಚು ನಮ್ಮ ಸ್ಟುಡಿಯೋದ್ದು. ಶಾಲು ಹೊದಿಸಲಿಕ್ಕೆ ಪಂಜದ ಪೂವಮ್ಮಜ್ಜಿಯನ್ನೇ ಕರೆಯುವ, ಅವರ ಮನೆಯ ಎಷ್ಟು ಕಾರ್ಯಕ್ರಮ ಹಿಡಿದವರು ಇವರು. ಎಲ್ಲರೂ ಒಳ್ಳೆಯ ಯೋಚನೆ ಅಂದರು.

ಕುಕ್ಕಪ್ಪಣ್ಣನಿಗೆ ಅದು ಎಂತದರ ಸನ್ಮಾನ ಅಂತ ತಲೆಗೆ ಹೋಗಲಿಲ್ಲ. ಹೊಸ ಬಿಳಿ ಅಂಗಿ ಹೊಲಿಸಿದರು. ನನ್ನನ್ನು ಟೈಲರ್ ಅಂಗಡಿಗೂ ಕರೆದುಕೊಂಡು ಹೋದರು. "ಪಂಜದ ಮದುವೆಗೂ ಇದೇ ಅಂಗಿ ಆಯ್ತು" ಅಂದರು.

ಇತ್ತ ಸ್ಟುಡಿಯೋದಲ್ಲಿ ಭವಿತಾ ಸನ್ಮಾನದ ವಿಡಿಯೋ ಮಾಡುತ್ತಾ ಇದ್ದಳು. ಹಳೆಯ ಕ್ಯಾಸೆಟ್ಟುಗಳಿಂದ ಕುಕ್ಕಪ್ಪಣ್ಣ ಹಿಡಿದ ಒಳ್ಳೊಳ್ಳೆಯ ಚಿತ್ರ ಆರಿಸಿದ್ದಳು. ಅದಾದ ಮೇಲೆ ಕೊನೆಗೆ ಹತ್ತು ಸೆಕೆಂಡು ಸ್ಟುಡಿಯೋದ ಜಾಹೀರಾತು ಹಾಕು ಅಂದಿದ್ದರು ಜಯಪ್ರಕಾಶಣ್ಣ. ಪರದೆ ಎರಡು ಭಾಗ. ಎಡಬದಿಯಲ್ಲಿ ಐವರ್ನಾಡಿನ ಮದುವೆಯ ಆ ಚಿತ್ರ ಇದ್ದ ಹಾಗೆಯೇ, ಮೇಲೆ 'ಮೊದಲು' ಅಂತ ಅಕ್ಷರ. ಬಲಬದಿಯಲ್ಲಿ ಸ್ಥಿರ ಮಾಡಿದ್ದು, ಮೇಲೆ 'ನಂತರ'. ನಡುಗುವ ಯಾವ ವಿಡಿಯೋ ಆದರೂ ನಮ್ಮಲ್ಲಿ ಸರಿಮಾಡಿ ಕೊಡಲಾಗುವುದು.

ಅವಳು ಮಾಡಿದ್ದನ್ನು ಅಪ್ಪ ಮಗ ಇಬ್ಬರೂ ಕೂತು ನೋಡಿದರು. ನಾನು ಮೂಲೆಯಲ್ಲಿ ಲೈಟಿನ ಬ್ಯಾಟರಿ ಚಾರ್ಜಿಗೆ ಹಾಕುತ್ತಾ ಇದ್ದೆ.

"ಇಷ್ಟೇ ನಡುಗುದಾ?" ಅಂದರು ಜಯಪ್ರಕಾಶಣ್ಣ. "ದೊಡ್ಡ ಪರದೆಯಲ್ಲಿ ಯಾರಿಗೂ ಗೊತ್ತಾಗುದಿಲ್ಲ ಮಾರಾಯ್ತಿ."

ಹರ್ಷಿತ್ ಹೇಳಿದ, "ಅವರದ್ದು ಇಪ್ಪತ್ತೈದರದ್ದಲ್ವಾ. ಐವತ್ತರದ್ದು ಅಂತ ಓದಿಸು ಅದಕ್ಕೆ. ಎರಡು ಸೆಕೆಂಡಿನದ್ದು ಒಂದೇ ಸೆಕೆಂಡಲ್ಲಿ ಓಡ್ತದೆ. ಆಗ ನೋಡು ನಡುಕ."

"ಅದು ಡಬಲ್ ಸ್ಪೀಡ್ ಆಗ್ತದಲ್ವಾ ಹರ್ಷಿತಣ್ಣ? ಅಷ್ಟು ನಡುಗುದಿಲ್ಲ ಅವರ ಕೈ. ಅದು ಸುಳ್ಳು."

ಜಯಪ್ರಕಾಶಣ್ಣ ನಕ್ಕರು. "ಒಂದು ವರ್ಷ ನೀನು ನನಗೆ ಹೇಳದೆ ಅವರ ನಡುಕ ಅಡಗಿಸಿ ಕೊಟ್ಟದ್ದು ಎಂತ ಹಾಗಾದ್ರೆ? ಸತ್ಯವಾ? ನೀನು ಆ ಕಡೆಗೆ ಎಳೆದದ್ದು, ನಾನು ಈ ಕಡೆಗೆ ಎಳೆಯುದು. ಅಷ್ಟೇ. ಮಾಡು."

ಅವಳು ಮಾಡಿದಳು. ಎರಡು ಕಡೆಯೂ ಹತ್ತು ಸೆಕೆಂಡು ಬರುವ ಹಾಗೆ ಎಡಬದಿಯದ್ದನ್ನು ಎರಡು ಸಲ ಓಡಿಸಿದಳು. ಪೂವಮ್ಮಜ್ಜಿ ಕೋಳಿಯ ಹಾಗೆ ಟಕಟಕ ಓಡಿಬಂದು, ಮತ್ತೆ ಹಿಂದೆ ಹೋಗಿ, ಮತ್ತೆ ಓಡಿಬಂದರು. ಚಿತ್ರ ಜ್ವರ ಬಂದವರ ಹಾಗೆ ಗಡಗಡ ನಡುಗಿತು.

ಆ ದಿನ ಸಂಜೆ ಮೆಟ್ಟಿಲಿನಲ್ಲಿ ಭವಿತಾ ನನ್ನನ್ನು ನಿಲ್ಲಿಸಿದಳು. "ಬೋಜಜ್ಜ, ನಾನು ಹೇಳಿದ್ರೆ ನನ್ನ ಕೆಲಸ ಹೋಗ್ತದೆ. ನೀವು ಕುಕ್ಕಪ್ಪಣ್ಣನಿಗೆ ಒಂದು ಮಾತು ಹೇಳಿ. ಹುಷಾರಿಲ್ಲ ಅಂತ ಮನೆಯಲ್ಲೇ ಕೂತ್ಕೊಳ್ಳಲಿ. ಪಂಜದ ಮದುವೆ ಆದ ಮೇಲೆ ಎಂತ ಬೇಕಾದ್ರೂ ಆಗ್ಲಿ."

"ನೋಡುವ" ಅಂದೆ.

ಸನ್ಮಾನಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಅದರಲ್ಲಿ ನಾನು ಕುಕ್ಕಪ್ಪಣ್ಣನನ್ನು ನಾಲ್ಕು ಸಲ ನೋಡಿದೆ. ಎರಡು ಸಲ ಒಟ್ಟಿಗೆ ಕೂತು ಚಾ ಕುಡಿದೆವು. ಒಮ್ಮೆ ಅವರಾಗಿಯೇ ಕೇಳಿದರು, "ಎಂತ ಬೋಜ, ಎಂತದೋ ಹೇಳ್ಲಿಕ್ಕೆ ಉಂಟಾ ನಿಂಗೆ?" ಎಂತ ಇಲ್ಲ ಕುಕ್ಕಪ್ಪಣ್ಣ ಅಂದೆ.

ಹತ್ತೊಂಬತ್ತನೇ ತಾರೀಕು ಮಂಗಳವಾರ. ಪುತ್ತೂರಿನ ಹಾಲ್ ತುಂಬ ಜನ. ಎಲ್ಲ ಇದೇ ಕೆಲಸದವರು. ಪುತ್ತೂರಿನವರು, ಸುಳ್ಯದವರು, ಕಡಬದವರು. ಹೆಚ್ಚಿನವರು ಕುಕ್ಕಪ್ಪಣ್ಣನ ಕೈಕೆಳಗೆ ಒಂದಲ್ಲ ಒಂದು ದಿನ ಕೆಲಸ ಕಲಿತವರು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ. ಪೂವಮ್ಮಜ್ಜಿಯನ್ನು ಕಾರಿನಲ್ಲಿ ಕರೆತಂದು ಎದುರಿನ ಸೋಫಾದಲ್ಲಿ ಕೂರಿಸಿದ್ದರು. ಜೊತೆಗೆ ಮೊಮ್ಮಗಳು ಯಶಸ್ವಿ. ನನ್ನನ್ನು ಜಯಪ್ರಕಾಶಣ್ಣ ಎರಡನೇ ಸಾಲಿಗೆ ಕರೆದರು. "ಬೋಜಣ್ಣ, ಇಲ್ಲಿ ಬನ್ನಿ, ಮುಂದೆ ಕೂತ್ಕೊಳ್ಳಿ" ಅಂದರು. ಬೋಜಣ್ಣ ಅಂತ ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಕುಕ್ಕಪ್ಪಣ್ಣನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿ ಮೆಲ್ಲ ಹತ್ತಿ ಹೋಗಿ ಶಾಲು ಹೊದಿಸಿದರು. ಪೇಟ ಇಟ್ಟರು, ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಸನ್ಮಾನ ಪತ್ರ ಓದಿದರು. ಅಜ್ಜಿ ಇಳಿದು ಬಂದು ಕೂತ ಮೇಲೆ ವಿಡಿಯೋ ಹಾಕಿದರು.

ಹಳೆಯ ಚಿತ್ರಗಳು ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಪರದೆ ಅವರ ಬೆನ್ನಿಗೆ. ಬುಟ್ಟಿ ಎರಡು ಕೈಯಲ್ಲಿ ಹಿಡಿದುಕೊಂಡು, ಕುತ್ತಿಗೆ ತಿರುಗಿಸಿ ಬಗ್ಗಿ ನೋಡುತ್ತಾ ಇದ್ದರು. ಮುಖ ಅರಳಿತ್ತು. ಆಮೇಲೆ ಪರದೆ ಎರಡಾಯಿತು. ಬಲಬದಿಯಲ್ಲಿ ಪೂವಮ್ಮಜ್ಜಿ ಮೆಲ್ಲಗೆ, ನೀಟಾಗಿ ನಡೆದರು. ಎಡಬದಿಯಲ್ಲಿ ಓಡಿದರು.

ಮೊದಲು ನಕ್ಕದ್ದು ಹಿಂದಿನ ಸಾಲಿನವರು. "ಅಜ್ಜಿಗೆ ಹೊಸ ಬ್ಯಾಟರಿ ಹಾಕಿದ್ದಾರೆ ಮಾರಾಯ" ಅಂತ ಒಬ್ಬ. "ಅಜ್ಜಿದ್ದಲ್ಲವೋ, ಕ್ಯಾಮರಾದವನಿಗೆ ಭೂತ ಬಂದದ್ದು" ಅಂತ ಇನ್ನೊಬ್ಬ. ಮತ್ತೆ ಇಡೀ ಹಾಲ್ ನಕ್ಕಿತು. ಅದು ವೇಗ ಮಾಡಿದ್ದು ಅಂತ ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಾಗಿರಬೇಕು. ದಿನಾ ಅದೇ ಕೆಲಸ ಮಾಡುವವರು. ಗೊತ್ತಾದವರೂ ನಕ್ಕರು. 'ನಮ್ಮಲ್ಲಿ ಸರಿಮಾಡಿ ಕೊಡಲಾಗುವುದು' ಅಂತ ಅಕ್ಷರ ಬಂದಾಗ ಶಿಳ್ಳೆ ಹಾಕಿದರು.

ಕುಕ್ಕಪ್ಪಣ್ಣ ನಗಲಿಲ್ಲ. ಬುಟ್ಟಿಯಿಂದ ಒಂದು ಕೈ ತೆಗೆದು ಶಾಲಿನ ಒಳಗೆ ಇಟ್ಟರು. ಆಮೇಲೆ ಇನ್ನೊಂದು ಕೈಯನ್ನೂ ತೆಗೆದರು. ಬುಟ್ಟಿ ತೊಡೆಯಿಂದ ಜಾರಿ ಒಂದು ಸೇಬು ವೇದಿಕೆಯ ತುದಿಯ ತನಕ ಉರುಳಿತು. ಅದಕ್ಕೂ ನಕ್ಕರು.

ಜಯಪ್ರಕಾಶಣ್ಣ ಮೈಕ್ ಹಿಡಿದು, "ತಮಾಷೆಗೆ, ತಮಾಷೆಗೆ, ನಮ್ಮ ಹಿರಿಯರ ಮೇಲೆ ಪ್ರೀತಿ ಹಾಗೆ" ಅಂದರು. ಆಗ ಪೂವಮ್ಮಜ್ಜಿ ಕೋಲು ನೆಲಕ್ಕೆ ಕುಟ್ಟಿದರು. ಎಲ್ಲ ಸುಮ್ಮನಾದರು.

"ನಾನು ಹಾಗೆ ಓಡಿದ್ದಾ?" ಅಂದರು. "ಕೋಲು ಊರಿ ನಡೆಯುವವಳು ನಾನು. ಹಾಗೆ ಓಡಿದ್ರೆ ಅಲ್ಲೇ ಬಿದ್ದು ಹೋಗ್ತಿದ್ದೆ. ಇದು ಎಂತದೋ ಕಂಪ್ಯೂಟರಿನ ಆಟ ಅಲ್ವಾ?"

ಜಯಪ್ರಕಾಶಣ್ಣನ ನಗು ಒಂದು ಸಲ ನಿಂತಿತು. ಕುಕ್ಕಪ್ಪಣ್ಣ ತಲೆ ಎತ್ತಿದರು.

ಅಜ್ಜಿ ಹಿಂದೆ ತಿರುಗಿ ಹುಡುಕಿ, ನನ್ನನ್ನು ಕಂಡರು. "ನೀನು ಬೋಜ ಅಲ್ವಾ? ಆ ದಿನ ಲೈಟು ಹಿಡಿದವ ನೀನೇ. ನನ್ನ ಎದುರೇ ಇದ್ದೆ. ನೀನು ಹೇಳು. ನಾನು ಹಾಗೆ ನಡೆದದ್ದಾ?"

ಯಾರೋ ನನ್ನ ಕೈಗೆ ಮೈಕ್ ಕೊಟ್ಟರು. ಮೂವತ್ತಮೂರು ವರ್ಷದಲ್ಲಿ ನಾನು ಮೈಕ್ ಹಿಡಿದದ್ದಿಲ್ಲ, ಮೈಕ್ ಹಿಡಿದವರ ಮುಖಕ್ಕೆ ಬೆಳಕು ಹಿಡಿದದ್ದು ಮಾತ್ರ. ಎದ್ದು ನಿಂತೆ. ಬದಿಯ ಸಾಲಿನಿಂದ ಭವಿತಾ ನೋಡುತ್ತಾ ಇದ್ದಳು. ವೇದಿಕೆಯಿಂದ ಕುಕ್ಕಪ್ಪಣ್ಣ ನೋಡುತ್ತಾ ಇದ್ದರು. ಅಲ್ಲ ಅಜ್ಜಿ, ಇದು ಎರಡು ಪಾಲು ವೇಗ ಮಾಡಿದ್ದು ಅಂತ ಹೇಳಲಿಕ್ಕೆ ಐದಾರು ಶಬ್ದ ಸಾಕಿತ್ತು. ಶಬ್ದ ಬಾಯಿಯಲ್ಲೇ ಇತ್ತು.

"ಹೌದಮ್ಮ" ಅಂದೆ. "ಆ ದಿನ ಮುಹೂರ್ತ ಮೀರ್ತದೆ ಅಂತ ನೀವು ಗಡಿಬಿಡಿಯಲ್ಲಿ ಬಂದದ್ದು. ಹಾಗೇ ನಡೆದದ್ದು."

ಎಂಬತ್ತು ದಾಟಿದವರಿಗೆ ತಮ್ಮ ನೆನಪಿನ ಮೇಲೆ ಅಷ್ಟು ಧೈರ್ಯ ಇರುದಿಲ್ಲ. "ಇರ್ಬಹುದು" ಅಂದರು ಅಜ್ಜಿ. ಮತ್ತೆ ವೇದಿಕೆಯ ಕಡೆ ತಿರುಗಿ, ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಹಾಗಾದ್ರೆ ಬೇಡ ಕುಕ್ಕಪ್ಪ. ನಮ್ಮ ಹುಡುಗಿಯ ಧಾರೆ ಹೀಗೆ ನಡುಗಿದ್ರೆ ಆಗ್ಲಿಕ್ಕಿಲ್ಲ. ನೀನು ಊಟಕ್ಕೆ ಬಾ. ಹಿಡಿಯುದು ಜಯಪ್ರಕಾಶನ ಮಗ ಹಿಡಿಯಲಿ."

"ಆಯ್ತು ಅಕ್ಕ" ಅಂದರು ಕುಕ್ಕಪ್ಪಣ್ಣ. ಅವರಿಗೆ ಮೈಕ್ ಯಾರೂ ಕೊಟ್ಟಿರಲಿಲ್ಲ. ತುಟಿ ನೋಡಿ ನನಗೆ ಗೊತ್ತಾಯಿತು.

ವಾಪಸು ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಪೇಟ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಹಣ್ಣಿನ ಬುಟ್ಟಿ ಕಾಲಿನ ಹತ್ತಿರ. ಕುಂಬ್ರದಲ್ಲಿ ಜನ ಇಳಿದು ಬಸ್ಸು ಸ್ವಲ್ಪ ಖಾಲಿ ಆದ ಮೇಲೆ ಕೇಳಿದರು.

"ಅಷ್ಟು ನಡುಗ್ತಾ ಇತ್ತಾ ಬೋಜ?"

ಕುಂಬ್ರದಿಂದ ಸುಳ್ಯಕ್ಕೆ ಬಸ್ಸಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ನನಗೆ ಸಮಯ ಇತ್ತು.

"ಈಗ ಎಲ್ಲ ಕಂಪ್ಯೂಟರಿನಲ್ಲಿ ಸರಿ ಮಾಡ್ತಾರಲ್ಲ ಕುಕ್ಕಪ್ಪಣ್ಣ" ಅಂದೆ.

"ನನ್ನದ್ದು ಸರಿ ಮಾಡ್ಲಿಕ್ಕೆ ಶುರು ಮಾಡಿ ಎಷ್ಟು ಸಮಯ ಆಯ್ತು?"

"ಒಂದು ವರ್ಷ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನತ್ರ ಹೇಳ್ಬಾರದಿತ್ತಾ ಮಾರಾಯ? ಹೇಳಿದ್ರೆ ನಾನಾಗಿಯೇ ಇಡ್ತಿದ್ದೆ."

ಸುಳ್ಯ ಬಂತು. ಇಳಿಯುವಾಗ ಅವರು ಬುಟ್ಟಿ ನನ್ನ ಕೈಗೆ ಕೊಟ್ಟು, "ನಿನ್ನ ಮನೆಯಲ್ಲಿ ಮಕ್ಕಳುಂಟು, ತೆಗೊಂಡು ಹೋಗು" ಅಂದರು. ತೆಗೊಂಡು ಹೋದೆ. ಮೊಮ್ಮಕ್ಕಳು ತಿಂದರು.

ಒಂದು ದಿನ ಬಿಟ್ಟು ಬೆಳಿಗ್ಗೆ ಕುಕ್ಕಪ್ಪಣ್ಣ ಸ್ಟುಡಿಯೋಕ್ಕೆ ಬಂದರು. ಹಳೆಯ ಕ್ಯಾಮರಾ, ಎರಡು ಬ್ಯಾಟರಿ, ಚಾರ್ಜರು, ಎಲ್ಲ ಒಂದು ಚೀಲದಲ್ಲಿ. ಜಯಪ್ರಕಾಶಣ್ಣ ಎದ್ದು ನಿಂತು, ಕೂತ್ಕೊಳ್ಳಿ, ಚಾ ತರಿಸ್ತೇನೆ ಅಂದರು. ಬೇಡ ಅಂದರು. ಚೀಲ ಮೇಜಿನ ಮೇಲೆ ಇಟ್ಟರು. "ಯಾರಾದ್ರೂ ಕಲಿಯುವವರಿಗೆ ಕೊಡಿ. ಕ್ಯಾಮರಾಕ್ಕೆ ಎಂತ ಆಗ್ಲಿಲ್ಲ."

ಅಷ್ಟರಲ್ಲಿ ಭವಿತಾ ಕುರ್ಚಿಯಿಂದ ಎದ್ದಳು. ಅವಳ ಮುಖ ಕೆಂಪಾಗಿತ್ತು.

"ಕುಕ್ಕಪ್ಪಣ್ಣ, ಆ ವಿಡಿಯೋ ಸುಳ್ಳು. ನಿಮ್ಮ ಕೈ ಅಷ್ಟು ನಡುಗುದಿಲ್ಲ. ಇಪ್ಪತ್ತೈದರದ್ದನ್ನು ಐವತ್ತರಲ್ಲಿ ಓಡಿಸಿದ್ದು. ನಾನೇ ಮಾಡಿದ್ದು. ಬನ್ನಿ, ಸರಿಯಾದ್ದು ಈಗಲೇ ತೋರಿಸ್ತೇನೆ."

"ಭವಿತಾ" ಅಂದರು ಜಯಪ್ರಕಾಶಣ್ಣ. ಅಷ್ಟೇ ಅಂದರು.

ಕುಕ್ಕಪ್ಪಣ್ಣ ಕಂಪ್ಯೂಟರಿನ ಕಡೆ ಹೋಗಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟರು. ಕೈ ನಡುಗುತ್ತಾ ಇತ್ತು, ಸಣ್ಣಕ್ಕೆ, ಯಾವಾಗಲೂ ಇದ್ದಷ್ಟೇ.

"ನನಗೆ ಬೇಜಾರ ಆಗ್ತದೆ ಅಂತ ಹೇಳ್ತಿ ನೀನು. ಒಂದು ವರ್ಷ ಯಾರಿಗೂ ಹೇಳದೆ ನನ್ನ ಮರ್ಯಾದೆ ಉಳಿಸಿದವಳು ನೀನು, ಗೊತ್ತಾಯ್ತು ನನಗೆ. ಸರಿಯಾದ್ದು ಅಂತ ಈಗ ತೋರಿಸುದೂ ನೀನು ಸರಿ ಮಾಡಿದ್ದೇ ಅಲ್ವಾ ಮಗಾ. ಸಾಕು. ಬೋಜ ಎಲ್ಲರ ಎದುರು ಹೇಳಿದ್ದಾನೆ. ನನ್ನ ಬೆನ್ನ ಹಿಂದೆ ಮೂವತ್ತಮೂರು ವರ್ಷ ನಿಂತವ ಅವ. ಅವ ಸುಳ್ಳು ಹೇಳುದಿಲ್ಲ."

"ಬೋಜಜ್ಜ" ಅಂದಳು ಭವಿತಾ. "ನೀವಾದ್ರೂ ಹೇಳಿ. ಇಲ್ಲೇ ಇದ್ರಲ್ಲ ನೀವು, ಮಾಡುವಾಗ."

ನನ್ನ ಕೈಯಲ್ಲಿ ಹರ್ಷಿತನ ಕ್ಯಾಮರಾದ ಲೆನ್ಸ್ ಇತ್ತು. ಪಂಜದ ಮದುವೆಗೆ ಹೋಗುವಂಥದ್ದು. ಅದರ ಗ್ಲಾಸಿನಲ್ಲಿ ಒಂದು ಬೆರಳಚ್ಚು ಇತ್ತು. ಅದನ್ನು ಒರಸಿದೆ.

ಕುಕ್ಕಪ್ಪಣ್ಣ ನನಗೆ "ಬರ್ತೇನೆ ಬೋಜ" ಅಂದರು. ಹೂಂ ಅಂದೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು. ಅದು ಸೋಣ ತಿಂಗಳ ಐದು, ಗುರುವಾರ.